ಗುರುತು ಹಿಡಿದರೆ ಸಾಕೆ?

ಜನವರಿ 30, ಹುತಾತ್ಮರ ದಿನ. ಹೊಳಲ್ಕೆರೆ ತಾಲ್ಲೂಕಿನ ಒಂದು ಊರಿನ ಗ್ರಾಮಸಭೆಯಲ್ಲಿ ಕುಷ್ಠರೋಗ ಜಾಗೃತಿಯ ಪ್ರತಿಜ್ಞೆ ಮುಗಿದು ಜನ ಎದ್ದು ಹೋಗಿದ್ದಾರೆ. ಪಂಚಾಯಿತಿ ಜಗಲಿಯಲ್ಲಿ ಇಬ್ಬರು ಉಳಿದಿದ್ದಾರೆ. ಒಬ್ಬರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳ್ಳಿಗಳನ್ನು ಸೈಕಲ್ಲಿನಲ್ಲಿ ಸುತ್ತಿ ಕುಷ್ಠರೋಗ ನಿಯಂತ್ರಣದ ಕೆಲಸ ಮಾಡಿ ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಬೆಂಗಳೂರಿನಲ್ಲಿ ರೋಗನಿರೋಧಕ ವಿಜ್ಞಾನ ಓದುತ್ತಿದ್ದಾಳೆ.

ಯುವತಿ: ದೊಡ್ಡಪ್ಪ, ಇದು ಶಾಪ ಅಲ್ಲ, ಪಾಪದ ಫಲ ಅಲ್ಲ, ರೋಗಾಣುವಿನಿಂದ ಬರೋದು ಅಂತ ಚೆನ್ನಾಗಿ ಹೇಳಿದ್ರಿ. ಆದರೆ ಹಿಂದೆ ಕೂತಿದ್ದ ಅಜ್ಜಿಗೆ ಉತ್ತರ ಕೊಡಲೇ ಇಲ್ಲ. ಗಂಡನಿಗೆ ಬಂತು, ಅವನ ಜೊತೆಗೇ ಉಂಡು ಮಲಗಿದ ನನಗೆ ಯಾಕೆ ಬರಲಿಲ್ಲ ಅಂತ ಕೇಳಿದರಲ್ಲ.

ಹಿರಿಯ: ಉತ್ತರ ಹೇಳಿದ್ರೆ ಆ ಅಜ್ಜಿಗೇನು ಬಂತು? ಮುಟ್ಟಿದ್ದು ಗೊತ್ತಾಗದ ಮಚ್ಚೆ ಇದ್ದರೆ ಬನ್ನಿ, ಮಾತ್ರೆ ಪುಕ್ಕಟೆ, ಪೂರ್ತಿ ನುಂಗಿದರೆ ವಾಸಿ. ಊರಿಗೆ ಬೇಕಾದ್ದು ಇಷ್ಟೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಯುವತಿ: ಹುಣ್ಣು ಅಂಗೈಗೆ ಬಂದ ಮೇಲೆ ಕನ್ನಡಿ ಬೇಡ, ಸರಿ. ಆದರೆ ಈ ರೋಗಾಣು ಮೈಯೊಳಗೆ ಸೇರಿ ಮಚ್ಚೆ ಕಾಣೋಕೆ ಸರಾಸರಿ ಐದು ವರ್ಷ ಬೇಕು, ಕೆಲವರಲ್ಲಿ ಇಪ್ಪತ್ತು ವರ್ಷ. ಅಷ್ಟು ಕಾಲ ಕಣ್ಣಿಗೆ ಏನೂ ಕಾಣಲ್ಲ. ಕಾಣದೇ ಇರೋ ಆ ವರ್ಷಗಳಲ್ಲಿ ದೇಹ ಒಳಗೊಳಗೇ ಅದನ್ನು ಗುರುತು ಹಿಡಿಯೋಕೆ ಹೆಣಗಾಡ್ತಿರುತ್ತೆ. ನಾನು ಓದ್ತಿರೋದು ಆ ಹೆಣಗಾಟವನ್ನ.

ಹಿರಿಯ: ಗುರುತು ಹಿಡಿಯೋದು ಅಂದ್ರೆ? ದೇಹಕ್ಕೇನು ಕಣ್ಣಿದೆಯಾ?

ಯುವತಿ: ಕಣ್ಣಿಲ್ಲ, ಅದಕ್ಕೇ ಬೇರೆ ದಾರಿ ಹಿಡಿಯುತ್ತೆ. ರೋಗಾಣುವನ್ನು ಮ್ಯಾಕ್ರೋಫೇಜ್ ಅನ್ನೋ ಕೋಶ ನುಂಗುತ್ತೆ. ಅದರ ಪ್ರೋಟೀನ್‌ಗಳನ್ನು ಕತ್ತರಿಸಿ ಚೂರು ಮಾಡುತ್ತೆ. ಹದಿನೈದಿಪ್ಪತ್ತು ಅಮೈನೋ ಆಮ್ಲಗಳಷ್ಟು ಉದ್ದದ ಚೂರನ್ನು ಎಚ್‌ಎಲ್‌ಎ ಅನ್ನೋ ಅಣುವಿನ ತೋಡಿನಲ್ಲಿ ಕೂರಿಸಿ ಹೊರಮೈಗೆ ತಂದು ಹಿಡಿಯುತ್ತೆ. ದಾರಿಯಲ್ಲಿ ಹೋಗೋ ಟಿ ಕೋಶ ಅನ್ನೋ ಕಾವಲು ಕೋಶ ಅದನ್ನು ಮುಟ್ಟಿ ನೋಡುತ್ತೆ. ಟಿ ಕೋಶ ಕಳ್ಳನನ್ನು ಯಾವತ್ತೂ ಇಡಿಯಾಗಿ ನೋಡಲ್ಲ ದೊಡ್ಡಪ್ಪ, ಅವನ ಅಂಗಿಯ ಒಂದು ಗುಂಡಿ ನೋಡಿಯೇ ಹೌದು ಅಲ್ಲ ಅಂತ ತೀರ್ಮಾನ ಮಾಡಬೇಕು.

ಹಿರಿಯ: ಹಾಗಾದ್ರೆ ಒಬ್ಬರ ಮೈ ಗುರುತಿಸುತ್ತೆ, ಒಬ್ಬರದ್ದು ಇಲ್ಲ. ಯಾಕೆ?

ಯುವತಿ: ಅಜ್ಜಿಯ ಪ್ರಶ್ನೆಗೆ ನೀವೇ ಬಂದ್ರಿ. ಆ ತೋಡಿನ ಆಕಾರ ಎಲ್ಲರಲ್ಲೂ ಒಂದೇ ಅಲ್ಲ. ತಂದೆ ತಾಯಿಯಿಂದ ಬರೋದು. ಗಂಡ ಹೆಂಡತಿಗೆ ಒಂದೇ ಇರೋಕೆ ಕಾರಣವೇ ಇಲ್ಲ, ಒಡಹುಟ್ಟಿದವರಲ್ಲೂ ವ್ಯತ್ಯಾಸ ಆಗುತ್ತೆ. ಒಂದು ತೋಡಿಗೆ ಚೆನ್ನಾಗಿ ಕೂರೋ ಚೂರು ಇನ್ನೊಂದರಲ್ಲಿ ನಿಲ್ಲೋದೇ ಇಲ್ಲ. ಎಚ್‌ಎಲ್‌ಎ ಗುಂಪಿನಲ್ಲಿ ಡಿಆರ್2, ಡಿಆರ್3 ಅನ್ನೋ ಬಗೆಗಳಿಗೂ ಕುಷ್ಠರೋಗದ ಸ್ವರೂಪಕ್ಕೂ ನಂಟಿದೆ ಅಂತ ನಮ್ಮ ದೇಶದಲ್ಲೂ ಹೊರಗೂ ಕಂಡುಕೊಂಡಿದ್ದಾರೆ. ಅದೊಂದೇ ಕಾರಣ ಅಲ್ಲ, ಬೇರೆ ಜೀನ್‌ಗಳೂ ಇವೆ, ಊಟ, ವಸತಿ, ಒಡನಾಟ ಇವೆ. ಒಟ್ಟಿನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನರ ದೇಹ ಈ ರೋಗಾಣುವನ್ನು ತಾನೇ ನಿಭಾಯಿಸುತ್ತೆ. ಅಜ್ಜಿ ಆ ತೊಂಬತ್ತೈದರಲ್ಲಿ ಒಬ್ಬರು. ಇದನ್ನು ಮೈಕಿನಲ್ಲಿ ಹೇಳಿದ್ದರೆ ಊರಿನ ಅರ್ಧ ಹೆದರಿಕೆ ಇಳಿಯುತ್ತಿತ್ತು.

ಹಿರಿಯ: ಇದು ಒಪ್ಪತಕ್ಕ ಮಾತು. ಮುಂದಿನ ಸಲ ಹೇಳ್ತೀನಿ. ಈಗ ನನ್ನದೊಂದು ಕೇಳು. ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ರಕ್ತ ಇಳಿದು ಬೆಳ್ಳಗಾದಾಗ ಬ್ಲೇಡಿನಿಂದ ಸಣ್ಣ ಗೀರು ಹಾಕಿ, ಒಳಗಿನ ರಸ ಕೆರೆದು ಗಾಜಿನ ಮೇಲೆ ಸವರ್ತಿದ್ವಿ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ನೆಲದ ಮೇಲೆ ಕೆಂಪು ಕಡ್ಡಿಗಳು. ಈ ರೋಗಾಣುವಿಗೆ ತಂಪು ಜಾಗ ಇಷ್ಟ, ಅದಕ್ಕೇ ಕಿವಿ, ಮೂಗು, ಚರ್ಮ. ನಮ್ಮ ದುರ್ಗದ ಗಾಳಿಗೆ ಕಿವಿ ಯಾವಾಗಲೂ ತಣ್ಣಗೇ ತಾನೆ. ಕೆಲವರಲ್ಲಿ ಕಡ್ಡಿಗಳು ಕಂತೆ ಕಂತೆ, ಎಣಿಸೋಕಾಗದಷ್ಟು. ಆದರೆ ಆ ಮನುಷ್ಯ ಹೊಲದಲ್ಲಿ ಗೇಯ್ತಿರ್ತಿದ್ದ, ನೋವಿಲ್ಲ, ಮುಖ ಎಣ್ಣೆ ಹಚ್ಚಿದ ಹಾಗೆ ಮಿಂಚೋದು ಅಷ್ಟೆ. ಇನ್ನೊಬ್ಬನಿಗೆ ಮೈಮೇಲೆ ಒಂದೇ ಮಚ್ಚೆ, ಗಾಜಿನ ಮೇಲೆ ಒಂದೂ ಕಡ್ಡಿ ಇಲ್ಲ. ಆದರೆ ಕೆಲವೇ ತಿಂಗಳಲ್ಲಿ ಕಿರುಬೆರಳು ಮಡಚಿಕೊಂಡು ಕೂತಿತು. ಹೇಳು, ಇಬ್ಬರಲ್ಲಿ ಯಾರ ದೇಹ ಚೆನ್ನಾಗಿ ಗುರುತಿಸಿದ್ದು?

ಯುವತಿ: ಎರಡನೆಯವನದ್ದು.

ಹಿರಿಯ: ಕೈ ಬೇಗ ಹೋದದ್ದೂ ಅವನದ್ದೇ.

ಯುವತಿ: ಈ ರೋಗದ ಗುಟ್ಟೇ ಅದು. 1966ರಲ್ಲಿ ರಿಡ್ಲಿ, ಜಾಪ್ಲಿಂಗ್ ಅನ್ನೋರು ಇದನ್ನೊಂದು ಸಾಲಾಗಿ ಜೋಡಿಸಿದರು. ಒಂದು ತುದಿಯಲ್ಲಿ ಟ್ಯುಬರ್ಕ್ಯುಲಾಯ್ಡ್: ಟಿ ಕೋಶಗಳು ರೋಗಾಣುವಿನ ಪ್ರೋಟೀನ್ ಚೂರನ್ನು ಗಟ್ಟಿಯಾಗಿ ಗುರುತಿಸಿ ಗಾಮಾ ಇಂಟರ್‌ಫೆರಾನ್ ಅನ್ನೋ ಸಂಕೇತದ ಪ್ರೋಟೀನ್ ಸುರಿಸುತ್ತವೆ, ಅದು ಸಿಕ್ಕಿದ ಮ್ಯಾಕ್ರೋಫೇಜ್ ತಾನು ನುಂಗಿದ್ದನ್ನು ಕೊಲ್ಲೋಕೆ ಶುರು ಮಾಡುತ್ತೆ. ಇನ್ನೊಂದು ತುದಿಯಲ್ಲಿ ಲೆಪ್ರೊಮ್ಯಾಟಸ್: ಟಿ ಕೋಶ ಸುಮ್ಮನಿರುತ್ತೆ, ಮ್ಯಾಕ್ರೋಫೇಜ್‌ಗಳು ರೋಗಾಣುವಿಗೆ ಬಿಡಾರ ಆಗುತ್ತವೆ. ನಡುವೆ ಮೂರು ಮೆಟ್ಟಿಲು. ರೋಗಾಣು ಒಂದೇ, ಬದಲಾಗೋದು ಗುರುತಿಸೋ ಬಗೆ.

ಹಿರಿಯ: ಸುಮ್ಮನಿರೋ ದೇಹಕ್ಕೆ ಒಟ್ಟಾರೆ ಶಕ್ತಿಯೇ ಕಮ್ಮಿ ಇರಬೇಕು.

ಯುವತಿ: ಅಲ್ಲ! ಅದೇ ಸೋಜಿಗ. 1919ರಲ್ಲಿ ಜಪಾನಿನ ಮಿತ್ಸುದ ಸತ್ತ ಕುಷ್ಠ ರೋಗಾಣುಗಳ ಸಾರವನ್ನು ಚರ್ಮದೊಳಗೆ ಚುಚ್ಚಿ ನೋಡಿದರು, ಲೆಪ್ರೊಮಿನ್ ಪರೀಕ್ಷೆ. ಮೂರು ನಾಲ್ಕು ವಾರದಲ್ಲಿ ಮೊದಲ ತುದಿಯವರಲ್ಲಿ ಗಂಟು ಏಳುತ್ತೆ, ಎರಡನೇ ತುದಿಯವರಲ್ಲಿ ಏನೂ ಇಲ್ಲ. ಆದರೆ ಅದೇ ಮನುಷ್ಯನಿಗೆ ಕ್ಷಯದ ಟ್ಯುಬರ್ಕ್ಯುಲಿನ್ ಚುಚ್ಚಿದರೆ ಉಬ್ಬಬಹುದು. ಅಂದ್ರೆ ದೇಹ ಕುರುಡಲ್ಲ, ಇದೊಂದನ್ನು ಮಾತ್ರ ಕಂಡೂ ಕಾಣದ ಹಾಗೆ ಇರುತ್ತೆ. ಇನ್ನೂ ವಿಚಿತ್ರ ಏನಂದ್ರೆ, ಅಂಥವರ ರಕ್ತದಲ್ಲಿ ರೋಗಾಣುವಿನ ವಿರುದ್ಧ ಪ್ರತಿಕಾಯಗಳು ತುಂಬಿ ತುಳುಕುತ್ತವೆ, ಅದರ ಹೊರಕವಚದ ಪಿಜಿಎಲ್-1 ಅನ್ನೋ ಕೊಬ್ಬಿನ ವಿರುದ್ಧ, ಪ್ರೋಟೀನ್‌ಗಳ ವಿರುದ್ಧ. ರೋಗಾಣು ಕೋಶದ ಒಳಗಿದೆ, ಪ್ರತಿಕಾಯ ಹೊರಗಿದೆ. ಗುರುತಿಸಿದರೂ ಪ್ರಯೋಜನವಿಲ್ಲ.

ಹಿರಿಯ: ಹಾಗಾದ್ರೆ ನಿಮ್ಮ ಈ ಪ್ರೋಟೀನ್ ಓದಿನಿಂದ ಆದದ್ದೇನು? ರೋಗಾಣುವನ್ನು ಹ್ಯಾನ್ಸೆನ್ ನಾರ್ವೆಯಲ್ಲಿ ಕಂಡದ್ದು 1873ರಲ್ಲಿ. ಇವತ್ತಿಗೂ ಪ್ರಯೋಗಾಲಯದ ಬಟ್ಟಲಲ್ಲಿ ಬೆಳೆಸೋಕೆ ಆಗಿಲ್ಲ ಅಂತ ನಮ್ಮ ತರಬೇತಿಯಲ್ಲೇ ಹೇಳಿದ್ದರು.

ಯುವತಿ: ಇಲಿಯ ಅಂಗಾಲಿನಲ್ಲಿ, ಆರ್ಮಡಿಲ್ಲೋ ಅನ್ನೋ ಪ್ರಾಣಿಯಲ್ಲಿ ಬೆಳೆಸ್ತಾರೆ. ಒಂದು ಎರಡಾಗೋಕೆ ಎರಡು ವಾರದ ಹತ್ತಿರ ಬೇಕು. ಅದಕ್ಕೇ 1985ರಲ್ಲಿ ನಡೆದ ಕೆಲಸ ದೊಡ್ಡದು. ಕುಷ್ಠ ರೋಗಾಣುವಿನ ಜೀನ್‌ಗಳನ್ನು ಬೇರೆ ಬ್ಯಾಕ್ಟೀರಿಯಾದಲ್ಲಿ ಕೂರಿಸಿ ಐದು ಮುಖ್ಯ ಪ್ರೋಟೀನ್‌ಗಳ ಜೀನ್ ಹಿಡಿದರು. 65 ಕಿಲೋಡಾಲ್ಟನ್, 18 ಕಿಲೋಡಾಲ್ಟನ್, ಹೀಗೆ ತೂಕದ ಮೇಲೆ ಹೆಸರು. ಅವುಗಳಲ್ಲಿ ಕೆಲವು ಶಾಖ ಆಘಾತ ಪ್ರೋಟೀನ್‌ಗಳು, ರೋಗಾಣುವಿಗೆ ಸಂಕಟ ಬಂದಾಗ ಹೇರಳವಾಗಿ ಮಾಡಿಕೊಳ್ಳೋವು. ಮ್ಯಾಕ್ರೋಫೇಜ್ ನುಂಗಿದ್ದೇ ದೊಡ್ಡ ಸಂಕಟ ತಾನೆ. 1992ರಲ್ಲಿ ವಿಜಯ್ ಮೆಹ್ರಾ, ಬ್ಯಾರಿ ಬ್ಲೂಮ್ ತಂಡದವರು ಇನ್ನೊಂದು ಪುಟ್ಟ ಪ್ರೋಟೀನ್ ತೋರಿಸಿದರು, ಬರೀ 10 ಕಿಲೋಡಾಲ್ಟನ್. ಲೆಪ್ರೊಮಿನ್‌ಗೆ ಗಂಟು ಏಳೋ ಸಂಪರ್ಕಿತರಲ್ಲಿ, ಕುಷ್ಠ ರೋಗಾಣುವಿಗೆ ಸ್ಪಂದಿಸೋ ಟಿ ಕೋಶಗಳ ಪೈಕಿ ಸುಮಾರು ಮೂರನೇ ಒಂದು ಭಾಗ ಅದೊಂದನ್ನೇ ಗುರುತಿಸ್ತಿತ್ತು. 1996ರಲ್ಲಿ ಅದರ ಆಕಾರ ಬಿಡಿಸಿದವರಲ್ಲಿ ಮೊದಲ ಹೆಸರು ಶೇಖರ್ ಮಾಂಡೆ ಅವರದು, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿದವರು. ಏಳು ತುಂಡು ಕೂಡಿದ ಗುಮ್ಮಟ ಅದು.

ಹಿರಿಯ: ಶಾಖ ಬಂದಾಗ ನಮ್ಮ ಕೋಶಗಳೂ ಅಂಥದ್ದೇ ಪ್ರೋಟೀನ್ ಮಾಡಿಕೊಳ್ಳಲ್ವಾ?

ಯುವತಿ: ಮಾಡಿಕೊಳ್ಳುತ್ತವೆ. ರೋಗಾಣುವಿನ 65ಕ್ಕೂ ನಮ್ಮ ಕೋಶದ ಅದೇ ಜಾತಿಯ ಪ್ರೋಟೀನಿಗೂ ಹತ್ತಿರ ಹತ್ತಿರ ಅರ್ಧದಷ್ಟು ಹೋಲಿಕೆ ಇದೆ.

ಹಿರಿಯ: ಅಂದ್ರೆ ಗುಂಡಿ ನೋಡಿ ಮನೆಯವನನ್ನೇ ಹಿಡಿಯಬಹುದು.

ಯುವತಿ: ಆ ಅನುಮಾನ ಬಹಳ ಜನಕ್ಕೆ ಬಂದಿದೆ, ಆದರೆ ನರ ಹಾಳಾಗೋದು ಅದರಿಂದಲೇ ಅಂತ ಸಾಬೀತಾಗಿಲ್ಲ. ಗೊತ್ತಿರೋದು ಇಷ್ಟು: ರೋಗಾಣು ನರಕ್ಕೆ ಹೊದಿಕೆ ಹೊದಿಸೋ ಷ್ವಾನ್ ಕೋಶದೊಳಗೆ ಸೇರಿಕೊಳ್ಳುತ್ತೆ. ಟಿ ಕೋಶ ಅಲ್ಲಿಗೇ ನುಗ್ಗುತ್ತೆ. ಬಿಗಿಯಾದ ಕವಚದೊಳಗಿನ ನರ ಊದಿಕೊಂಡರೆ ಹಿಗ್ಗೋಕೆ ಜಾಗ ಇಲ್ಲ.

ಹಿರಿಯ: ಇಲ್ಲಿ ಕೈ ಕೊಡು. ಮೊಣಕೈ ಒಳಬದಿಯ ಮೂಳೆಯ ಹಿಂದೆ ಈ ಸಂದಿಯಲ್ಲಿ ಬೆರಳಾಡಿಸಿದರೆ ದಾರದಷ್ಟು ಜಾರೋದೇ ಅಲ್ನಾರ್ ನರ. ರೋಗಿಯಲ್ಲಿ ಅದು ಹಗ್ಗದಷ್ಟು ದಪ್ಪ. ಒತ್ತುವಾಗ ಕೈ ನೋಡಬಾರದು, ಮುಖ ನೋಡಬೇಕು, ನೋವು ಅಲ್ಲಿ ಕಾಣುತ್ತೆ. ಹೊಳಲ್ಕೆರೆ ಕಡೆ ಅಡಿಕೆ ಸುಲಿಯೋಕೆ ಹೋಗ್ತಿದ್ದ ಒಬ್ಬಾಕೆ ಇದ್ದಳು. ಮಾತ್ರೆ ಶುರು ಮಾಡಿದ್ವಿ, ತಿಂಗಳು ತಪ್ಪದೆ ಬ್ಲಿಸ್ಟರ್ ಪ್ಯಾಕ್ ತಗೊಂಡು ಹೋದಳು. ಮಚ್ಚೆ ಮಾಸ್ತಾ ಬಂತು. ಎಲ್ಲ ಸರಿ ಅನ್ನೋ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಮಚ್ಚೆ ಕೆಂಪಗೆ ಉಬ್ಬಿತು, ಮೊಣಕೈ ನರ ಕೆರಳಿತು. ಔಷಧದಿಂದಲೇ ಹೀಗಾಯ್ತು ಅಂತ ಮನೆಯವರು ಮಾತ್ರೆ ಬಿಡಿಸಿದರು. ನಾನು ಹೋಗೋ ಹೊತ್ತಿಗೆ ಅಡಿಕೆ ಬೇಯಿಸೋ ಹಂಡೆ ಇಳಿಸುವಾಗ ಬೆರಳು ಸುಟ್ಟಿತ್ತು, ಸುಟ್ಟದ್ದು ಅವಳಿಗೆ ಗೊತ್ತಾಗಿರಲಿಲ್ಲ.

ಯುವತಿ: ರಿವರ್ಸಲ್ ರಿಯಾಕ್ಷನ್ ಅಂತಾರೆ ಅದಕ್ಕೆ. ಔಷಧಿಗೆ ರೋಗಾಣು ಸತ್ತರೂ ಅದರ ಪ್ರೋಟೀನ್ ಚೂರುಗಳು ಅಲ್ಲೇ ಉಳಿದಿರುತ್ತವೆ. ಅಷ್ಟು ದಿನ ಸುಮ್ಮನಿದ್ದ ಟಿ ಕೋಶಗಳಿಗೆ ಆಗ ಎಚ್ಚರ ಆಗುತ್ತೆ.

ಹಿರಿಯ: ಆಗ ನಾವೇನು ಕೊಡೋದು? ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್, ತಿಂಗಳುಗಟ್ಟಲೆ. ಅದು ಮಾಡೋದೇನು? ದೇಹ ಗುರುತಿಸಿ ಕೆರಳಿದ್ದನ್ನು ಅಡಗಿಸೋದು. ನೀವು ಓದಿದವರು ಲಸಿಕೆ ಕೊಟ್ಟು ಗುರುತಿಸೋ ಶಕ್ತಿ ಹೆಚ್ಚಿಸ್ತೀವಿ ಅಂತೀರಿ. ನನ್ನ ಅರ್ಧ ಸರ್ವೀಸು ಅದನ್ನು ತಗ್ಗಿಸೋದರಲ್ಲೇ ಕಳೆಯಿತು.

ಯುವತಿ: ಈ ಮಾತಿಗೆ ನನ್ನಲ್ಲಿ ಸಲೀಸಾದ ಉತ್ತರ ಇಲ್ಲ. ಬಾಂಗ್ಲಾದೇಶದಲ್ಲಿ ರೋಗಿಗಳ ಮನೆಯವರಿಗೆ ಬಿಸಿಜಿ ಲಸಿಕೆ ಹಾಕಿದಾಗ, ಕೆಲವೇ ವಾರಗಳಲ್ಲಿ ಕೆಲವರಿಗೆ ಮಚ್ಚೆ ಕಾಣಿಸಿಕೊಂಡಿತು. ಒಳಗೆ ಅಡಗಿದ್ದದ್ದು ದೇಹಕ್ಕೆ ಎಚ್ಚರವಾದೊಡನೆ ಹೊರಬಿತ್ತು ಅನ್ನೋದು ಒಂದು ವಿವರಣೆ. ಆದರೆ ಅದೇ ಬಿಸಿಜಿ, ಕ್ಷಯಕ್ಕೆ ಅಂತ ಮಾಡಿದ್ದು, ಕುಷ್ಠರೋಗವನ್ನೂ ಒಂದು ಮಟ್ಟಿಗೆ ತಡೆಯುತ್ತೆ. ಎರಡೂ ರೋಗಾಣುಗಳ ಪ್ರೋಟೀನ್‌ಗಳು ದಾಯಾದಿಗಳಾಗಿರೋದು ಅದಕ್ಕೆ ಒಂದು ಕಾರಣ. ದೆಹಲಿಯಲ್ಲಿ ಜಿ.ಪಿ. ತಲ್ವಾರ್ ಇನ್ನೊಂದು ದಾಯಾದಿಯಿಂದ ಲಸಿಕೆ ಮಾಡಿದರು, ಆ ಬ್ಯಾಕ್ಟೀರಿಯಾಕ್ಕೆ ಈಗ ಮೈಕೋಬ್ಯಾಕ್ಟೀರಿಯಂ ಇಂಡಿಕಸ್ ಪ್ರಾನಿಐ ಅಂತ ಹೆಸರು. ಅಮೆರಿಕದಲ್ಲಿ ಕುಷ್ಠ ರೋಗಾಣುವಿನದೇ ನಾಲ್ಕು ಪ್ರೋಟೀನ್ ಜೋಡಿಸಿ ಲೆಪ್‌ವ್ಯಾಕ್ಸ್ ಅನ್ನೋದು ಮಾಡಿ ಆರೋಗ್ಯವಂತರಲ್ಲಿ ಮೊದಲ ಹಂತದ ಪರೀಕ್ಷೆ ನಡೆಸಿದ್ದಾರೆ.

ಹಿರಿಯ: ದಾಯಾದಿ ಆದ್ದರಿಂದಲೇ ತಕರಾರೂ ಇರಬೇಕಲ್ಲ. ರಕ್ತ ಪರೀಕ್ಷೆ ಮಾಡಿದರೆ ಕ್ಷಯವೋ, ಬಿಸಿಜಿಯೋ, ಕುಷ್ಠವೋ ಹೇಗೆ ಹೇಳ್ತೀಯ?

ಯುವತಿ: ಅಲ್ಲೇ ನಾವು ಎಡವಿ ನಿಂತಿರೋದು. 2001ರಲ್ಲಿ ಈ ರೋಗಾಣುವಿನ ಪೂರ್ತಿ ಜೀನೋಮ್ ಓದಿದಾಗ ಕೆಲಸ ಮಾಡೋ ಜೀನ್‌ಗಳು 1,600ರಷ್ಟು ಮಾತ್ರ ಸಿಕ್ಕವು, ಕ್ಷಯದ ರೋಗಾಣುವಿಗೆ 4,000 ಇವೆ. ಇದಕ್ಕೇ ವಿಶಿಷ್ಟವಾದ ಪ್ರೋಟೀನ್ ಹುಡುಕೋಕೆ ಆಗ ದಾರಿ ತೆರೆಯಿತು. ಪ್ರತಿಕಾಯ ಪರೀಕ್ಷೆಗಳು ಬಂದಿವೆ. ಆದರೆ ರೋಗಾಣು ಜಾಸ್ತಿ ಇರೋರಲ್ಲಿ ಚೆನ್ನಾಗಿ ತೋರಿಸ್ತವೆ, ಒಂದೇ ಮಚ್ಚೆಯವರಲ್ಲಿ ಬಹಳ ಸಲ ಕೈಕೊಡ್ತವೆ. ಅವರಿಗೆ ಟಿ ಕೋಶದ ಪರೀಕ್ಷೆ ಬೇಕು, ಹಳ್ಳಿಯಲ್ಲಿ ಮಾಡೋಕೆ ಅದು ಸುಲಭ ಇಲ್ಲ.

ಹಿರಿಯ: ನೋಡು, ಈಗ ರೋಗಿಯ ಮನೆಯವರಿಗೆ, ನೆರೆಹೊರೆಯವರಿಗೆ ರೋಗ ಬಾರದಿರಲಿ ಅಂತ ಒಂದೇ ಒಂದು ಸಲ ರಿಫಾಂಪಿಸಿನ್ ಔಷಧಿ ಕೊಡ್ತಾರೆ. ಯಾರ ಎಚ್‌ಎಲ್‌ಎಯನ್ನೂ ಕೇಳಲ್ಲ, ಯಾರ ರಕ್ತವನ್ನೂ ತೆಗೆಯಲ್ಲ. ನನಗೆ ಅದೇ ಹಿತ. ಯಾಕೆ ಗೊತ್ತಾ? ರಕ್ತ ತೆಗೆದು ಆರಿಸಿದೆ ಅಂದ್ರೆ ಹೆಸರು ಬರೆದ ಹಾಗೆ. ಮೈಮೇಲೆ ಒಂದು ಕಲೆ ಇಲ್ಲದ ಹುಡುಗಿಗೆ ಪಾಸಿಟಿವ್ ಅಂತ ಚೀಟಿ ಕೊಟ್ಟರೆ ಅವಳ ಮದುವೆ ಗತಿ ಏನು? ಈ ರೋಗದ ಕಾರಣಕ್ಕೆ ವಿಚ್ಛೇದನ ಕೊಡಬಹುದು ಅನ್ನೋ ಮಾತನ್ನು ಕಾನೂನಿನಿಂದ ತೆಗೆದದ್ದೇ 2019ರಲ್ಲಿ. ಕಾನೂನಿನ ಪುಸ್ತಕದಿಂದ ಹೋಯಿತು, ಜನರ ಬಾಯಿಂದ ಹೋಗಿಲ್ಲ.

ಯುವತಿ: ಚೀಟಿ ಕೆಟ್ಟದ್ದು, ಒಪ್ಪಿದೆ. ಮಡಚಿದ ಬೆರಳು ಅದಕ್ಕಿಂತ ಕೆಟ್ಟ ಚೀಟಿ ಅಲ್ವಾ? ಅದನ್ನು ಹರಿದು ಹಾಕೋಕೂ ಆಗಲ್ಲ. ರೋಗ ತಡವಾಗಿ ಪತ್ತೆಯಾದ ಎಷ್ಟೋ ಜನ ಆ ಚೀಟಿಯನ್ನು ಸಾಯೋವರೆಗೂ ಹೊರಬೇಕು. ಒಂದು ಸಲದ ರಿಫಾಂಪಿಸಿನ್ ಕೂಡ ಎಲ್ಲರಲ್ಲೂ ತಡೆಯಲ್ಲ. ಇನ್ನೊಂದು ಮಾತು, ಕೋಪ ಮಾಡ್ಕೋಬೇಡಿ. 2005ರ ಡಿಸೆಂಬರಲ್ಲಿ, ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕಮ್ಮಿ ರೋಗಿಗಳು ಅನ್ನೋ ಲೆಕ್ಕದಲ್ಲಿ, ದೇಶ ಗುರಿ ಮುಟ್ಟಿತು ಅಂದ್ರು. ಆದರೆ ಇವತ್ತಿಗೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ದೇಶದವರು. ನಿಮ್ಮ ಹಾಗೆ ನರ ಮುಟ್ಟಿ ನೋಡೋ ಕೈಗಳು ಒಂದೊಂದಾಗಿ ನಿವೃತ್ತಿ ಆಗ್ತಿವೆ. ಆ ಕೈ ಇಲ್ಲದ ಕಡೆ ಪರೀಕ್ಷೆಯಾದರೂ ಬೇಡವಾ?

ಹಿರಿಯ: ಕೈ ಇಲ್ಲದ ಕಡೆ ಪರೀಕ್ಷೆ ಬಂದು ಮಾಡೋದೇನು? ಪಾಸಿಟಿವ್ ಅಂದ ಮೇಲೆ ಅವನ ಬೆರಳು ಬಲ ಕಳ್ಕೊಳ್ತಿದೆಯಾ ಅಂತ ತಿಂಗಳು ತಿಂಗಳು ನೋಡೋರು ಯಾರು? ರಿಯಾಕ್ಷನ್ ಬಂದಾಗ ಅದೇ ವಾರ ಸ್ಟೀರಾಯ್ಡ್ ಮುಟ್ಟಿಸೋರು ಯಾರು? ಆರು ತಿಂಗಳೊಳಗಿನ ನರದೌರ್ಬಲ್ಯ ಆದ್ರೆ ವಾಪಸ್ ಬರೋ ಆಸೆ ಇದೆ, ಆಮೇಲೆ ಕಷ್ಟ. ಮೊದಲು ನರ ನೋಡೋದನ್ನ ಆಶಾ ಕಾರ್ಯಕರ್ತೆಯರಿಗೆ ಕಲಿಸಿ, ಆಮೇಲೆ ನಿಮ್ಮ ಕಿಟ್ ತನ್ನಿ.

ಯುವತಿ: ನಾನು ಹೇಳೋದು ಎರಡೂ ಒಟ್ಟಿಗೇ ಬೇಕು ಅಂತ. ಮೊದಲು, ಆಮೇಲೆ ಅಂತ ಸಾಲು ಹಚ್ಚಿದರೆ ಎರಡನೆಯದರ ಪಾಳಿ ಬರೋದೇ ಇಲ್ಲ. ಇನ್ನೊಂದು ವಿಷಯ. ರಿಯಾಕ್ಷನ್ ಯಾರಿಗೆ ಬರುತ್ತೆ ಅಂತ ಮೊದಲೇ ಹೇಳೋ ಗುರುತುಗಳನ್ನೂ ರಕ್ತದಲ್ಲಿ ಹುಡುಕ್ತಿದ್ದಾರೆ. ಅದು ಆಗಲೇ ಸಿಕ್ಕಿದ್ದರೆ ನಿಮ್ಮ ಅಡಿಕೆ ಸುಲಿಯೋ ಹೆಣ್ಣುಮಗಳ ಬೆರಳು ಉಳಿಯುತ್ತಿತ್ತು.

ಹಿರಿಯ: ಆ ಪರೀಕ್ಷೆ ಬರಲಿ, ನಾನೇ ಹೋಗಿ ಊರೂರಿಗೆ ಹೇಳ್ತೀನಿ. ಆದರೆ ಅವಳ ಮನೆಯವರು ಮಾತ್ರೆ ಬಿಡಿಸಿದ್ದು ಪರೀಕ್ಷೆ ಇಲ್ಲದ್ದಕ್ಕಲ್ಲ ಕಣಮ್ಮ. ಹೀಗಾಗಬಹುದು ಅಂತ ಮೊದಲೇ ಕೂರಿಸಿಕೊಂಡು ಹೇಳಿದವರು ಇರಲಿಲ್ಲ, ಅದಕ್ಕೆ.

ಯುವತಿ: ಹೇಳೋಕೆ ಹೀಗೆ ಯಾಕಾಗುತ್ತೆ ಅಂತ ಗೊತ್ತಿರಬೇಕಲ್ಲ. ರೋಗಾಣು ಸತ್ತಿದೆ, ಇದು ನಿಮ್ಮ ದೇಹಕ್ಕೆ ಎಚ್ಚರ ಆಗಿರೋದು, ಮಾತ್ರೆ ಬಿಡಬೇಡಿ ಅಂತ ಒಂದು ಮಾತು. ಅದನ್ನೇ ತಾನೆ ನೀವು ಊರಿಗೆ ಬೇಡ ಅಂದದ್ದು?

ಹಿರಿಯರು ಇದಕ್ಕೆ ಉತ್ತರ ಕೊಡಲಿಲ್ಲ. ಬಸ್ಸು ಬಂತು, ಇಬ್ಬರೂ ಹತ್ತಿದರು, ಚಿತ್ರದುರ್ಗದವರೆಗೂ ಜಗಳ ಮುಂದುವರಿಯಿತು. ಪರೀಕ್ಷೆ ಮೊದಲೋ, ಕಲಿತ ಕೈ ಮೊದಲೋ ಎಂಬುದರಲ್ಲಿ ಅವರು ಒಮ್ಮತಕ್ಕೆ ಬರಲಿಲ್ಲ. ಇಬ್ಬರೂ ಒಪ್ಪಿದ ಮಾತುಗಳು ಮೂರು, ಓದುಗರು ಇವನ್ನು ಮನೆಯವರಿಗೆ ಹೇಳಬೇಕು. ಮೈಮೇಲೆ ತಿಳಿಬಣ್ಣದ ಅಥವಾ ಕೆಂಪು ಛಾಯೆಯ ಮಚ್ಚೆ ಇದ್ದು, ಕಣ್ಣು ಮುಚ್ಚಿಕೊಂಡಾಗ ಪೆನ್ನಿನ ತುದಿ ಅಲ್ಲಿ ತಾಗಿದ್ದು ಗೊತ್ತಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಔಷಧಿ ಪೂರ್ತಿ ಉಚಿತ. ಚಿಕಿತ್ಸೆಯ ನಡುವೆ ಮಚ್ಚೆ ಉಬ್ಬಿದರೆ, ನರ ನೋಯಲು ತೊಡಗಿದರೆ ಅಥವಾ ಕೈಕಾಲಿನ ಬಲ ಕುಂದಿದರೆ ಮಾತ್ರೆ ನಿಲ್ಲಿಸಬೇಡಿ, ಅಂದೇ ವೈದ್ಯರನ್ನು ಕಾಣಿ. ಚಿಕಿತ್ಸೆ ಮುಗಿದ ಮೇಲೂ ಹೀಗಾಗಬಹುದು; ಆಗಲೂ ಕಾಯದೆ ಹೋಗಿ.